ಕಪ್ಪು ಗೆರೆಯ ಪಟ್ಟಿ

ಸೋಮವಾರ ಬೆಳಗ್ಗೆ ಒಂಬತ್ತೂವರೆಗೆ ಠಾಣೆಗೆ ಬಂದ ದೂರುದಾರ ಕುರ್ಚಿ ಕೊಟ್ಟರೂ ಕೂರಲಿಲ್ಲ. ಸರ್ಕಾರಿ ಆಸ್ಪತ್ರೆಯಲ್ಲಿ ಹೆರಿಗೆಯ ಆಪರೇಷನ್ ಆದ ಅವನ ಹೆಂಡತಿ ಗಾಯ ನಂಜೇರಿ ಸತ್ತಿದ್ದಳು. ಅದೇ ವಾರ, ಅದೇ ವಾರ್ಡಿನಲ್ಲಿ, ಇನ್ನಿಬ್ಬರು ಬಾಣಂತಿಯರೂ ಹಾಗೇ ಸತ್ತಿದ್ದರು. ಇನ್ಸ್‌ಪೆಕ್ಟರ್ ಎಫ್‌ಐಆರ್ ದಾಖಲಿಸಿ, ದಫೇದಾರನೊಂದಿಗೆ ಆಸ್ಪತ್ರೆಗೆ ಹೊರಟರು.

ಆಪರೇಷನ್ ಕೋಣೆಯ ನರ್ಸ್ ಅಲ್ಲಿ ಬಳಸುವ ಬಟ್ಟೆಯ ಗಂಟೊಂದನ್ನು ಮುಂದಿಟ್ಟಳು. ಅದರ ಮೇಲೆ ಅಂಟುಪಟ್ಟಿ. ಪಟ್ಟಿಯ ತುಂಬ ಓರೆಯಾದ ಕಪ್ಪು ಗೆರೆಗಳು.

“ಹಬೆಯಂತ್ರದಲ್ಲಿ ಬಟ್ಟೆ ಕ್ರಿಮಿ ಸಾಯೋಷ್ಟು ಬೆಂದ್ರೆ ಮಾತ್ರ ಈ ಗೆರೆ ಕಪ್ಪಾಗುತ್ತೆ ಸಾರ್. ಕಪ್ಪಿದ್ರೆ ಬಿಚ್ತೀವಿ.”

“ಇಲ್ದಿದ್ರೆ?”

“ಯಾವತ್ತೂ ಹಾಗೆ ಬಂದಿಲ್ಲ. ಒಗೆಯೋರು ಅಚ್ಚುಕಟ್ಟು ಜನ, ಪಾಪ.”

ದಫೇದಾರ ಹೆಬ್ಬೆರಳಿಗೆ ಎಂಜಲು ಹಚ್ಚಿ ಗೆರೆಯನ್ನು ಉಜ್ಜಿದ. ಬೆರಳು ಕಪ್ಪಾಯಿತು.

“ಸಾರ್, ಇದು ಬೆಂದಿದ್ದಲ್ಲ. ಬರೆದಿದ್ದು.”

ನರ್ಸ್ ಕಪಾಟಿನಲ್ಲಿದ್ದ ಉಳಿದ ಗಂಟುಗಳ ಗೆರೆಗಳನ್ನೂ ಒಂದೊಂದಾಗಿ ಉಜ್ಜತೊಡಗಿದಳು.

ಒಗೆಯುವ ಕೋಣೆಯಲ್ಲಿ ಪಂಚನಾಮೆ ನಡೆಯಿತು. ಹಬೆಯಂತ್ರದ ದಪ್ಪ ಬಾಗಿಲು ತೆರೆದಾಗ ಒಳಗೆ ಕೆಲಸಗಾರರ ಊಟದ ಡಬ್ಬಿಗಳು ಸಾಲಾಗಿ ಕೂತಿದ್ದವು.

“ಅಲ್ಲಾದ್ರೆ ಇಲಿ ಕಾಟ ಇಲ್ಲ ಸಾರ್,” ಎಂದಳು ಒಗೆಯುವವಳೊಬ್ಬಳು.

ಗುತ್ತಿಗೆದಾರನನ್ನು ಎಲ್ಲರೂ ಬಾಯ್ಲರಣ್ಣ ಎನ್ನುತ್ತಿದ್ದರು. ಮೊದಲು ಆಸ್ಪತ್ರೆಯ ಸಂಬಳದಲ್ಲೇ ಆ ಯಂತ್ರ ನಡೆಸುತ್ತಿದ್ದವನು. ಒಗೆಯುವ ಕೆಲಸ ಹೊರಗುತ್ತಿಗೆಗೆ ಹೋದಾಗ, ಕೆಲಸ ಹೋಗಲಿದ್ದ ಎಂಟು ಮಂದಿಯನ್ನು ಕಟ್ಟಿಕೊಂಡು ತಾನೇ ಟೆಂಡರ್ ಹಾಕಿದ್ದ.

“ಗೆರೆ ಬರೆದೋರು ಯಾರು?” ಇನ್ಸ್‌ಪೆಕ್ಟರ್ ಅವನನ್ನು ಕೇಳಿದರು.

“ನಾನೇ. ಮಾರ್ಕರ್ ಪೆನ್ನಲ್ಲಿ. ರಾತ್ರಿ ಟೀವಿ ನೋಡ್ತಾ.”

“ಬೇಯಿಸೋಕೇನು ದಾಡಿ?”

“ರೇಟು ಇಳಿಸು, ಇನ್ನೂ ಇಳಿಸು ಅಂತ ಟೆಂಡರ್ ಕಮಿಟಿಯೋರು ಕರೆಕರೆದು ಹೇಳಿದ್ರು ಸಾರ್. ಎಂಟು ಜನರ ಕೂಲಿ ಮುಟ್ಟಬಾರದು ಅಂದ್ರೆ ಇಳಿಸೋಕೆ ಉಳಿದಿದ್ದು ಬೆಂಕಿ ಒಂದೇ.”

“ಜೀವ ಹೋಗುತ್ತೆ ಅಂತ ಗೊತ್ತಿರ್ಲಿಲ್ವಾ?”

“ನನಗೆ ಗೊತ್ತಿಲ್ದೆ ಇನ್ಯಾರಿಗೆ ಗೊತ್ತಿರುತ್ತೆ?”

ಸಂಜೆ ಬಂಧನವಾಯಿತು. ಕಮಿಟಿಯ ಸದಸ್ಯರು ಸಾಕ್ಷಿಗಳಾದರು. ಅವರಿಗೆ ಠಾಣೆಯಲ್ಲಿ ಟೀ ಬಂತು. ಮರುದಿನ ಆಸ್ಪತ್ರೆಯ ಅಧೀಕ್ಷಕರು ಫೋನ್ ಮಾಡಿ, ಹೊಸ ಗುತ್ತಿಗೆದಾರ ಬಂದು ನಿಂತಿದ್ದಾನೆ, ಒಗೆಯುವ ಕೋಣೆಗೆ ನೀವು ಹಾಕಿದ ಬೀಗ ಬೇಗ ತೆಗೆಸಿ ಎಂದರು. ಸತ್ತವರ ಮಾತು ಎತ್ತಲಿಲ್ಲ.

ಕೋರ್ಟಿಗೆ ಕೊಡುವ ವರದಿಯಲ್ಲಿ ‘ಉದ್ದೇಶ’ ಎಂಬ ಕಡೆ ಇನ್ಸ್‌ಪೆಕ್ಟರ್ ‘ದುರಾಸೆ’ ಎಂದು ಬರೆದು, ಹೊಡೆದುಹಾಕಿ, ‘ಜೊತೆಯವರ ಕೂಲಿ ಉಳಿಸಲು’ ಎಂದು ತಿದ್ದಿದರು. ಕೋರ್ಟಿಗೆ ಹೊರಡುವಾಗ ಬಾಯ್ಲರಣ್ಣ ಕೇಳಿದ್ದು ಒಂದೇ: ಆ ಎಂಟು ಜನ?

“ಹೊಸಬ ಎಲ್ಲರನ್ನೂ ಬಿಡಿಸಿದ. ನಿನಗಿಂತ ಕಡಿಮೆ ದರಕ್ಕೆ ಗುತ್ತಿಗೆ ಹಿಡಿದಿದ್ದಾನಂತೆ,” ಎಂದರು ಇನ್ಸ್‌ಪೆಕ್ಟರ್.

“ನನಗಿಂತ ಕಡಿಮೆಗಾ?” ಬಾಯ್ಲರಣ್ಣ ಜೀಪಿನ ಮೆಟ್ಟಿಲ ಮೇಲೆ ತಿರುಗಿ ನಿಂತ. “ಹಾಗಾದ್ರೆ ಅವನು ಸೋಪೂ ಹಾಕಲ್ಲ ಸಾರ್.”