ಒನೊಮಿಚಿಯಲ್ಲಿ ಇಳಿಯಬೇಕಿದ್ದವನು

"ಅದನ್ನ ಹಾಕ್ಕೋಬೇಡಿ!"

ಚಿಹಾರು ಕೂಗಿದ ರಭಸಕ್ಕೆ ಬಾಗಿಲಲ್ಲಿದ್ದವನು ಒಂಟಿ ಕಾಲಿನಲ್ಲೇ ನಿಂತುಬಿಟ್ಟ. ಒಂದು ಪಾದ ಆಗಲೇ ಆ ನೀಲಿ ಒಳಚಪ್ಪಲಿಯೊಳಗೆ ಸೇರಿತ್ತು.

"ಕ್ಷಮಿಸಿ... ನನ್ನ ಕಾಲಿಗಾಗೋದು ಇದೊಂದೇ ಇತ್ತು."

"ಅದು ಬೇರೆಯವರದು. ಹೊರಗಿನಿಂದ ಬಂದವರಿಗೆ ಹಸಿರುದು."

ಹಸಿರು ಚಪ್ಪಲಿಯಲ್ಲಿ ಅವನ ಹಿಮ್ಮಡಿ ಅರ್ಧ ಹೊರಗೇ ಉಳಿಯಿತು. ಪಾಪ, ಹಾಗೇ ಕಾಲೆಳೆಯುತ್ತ ಒಳಗೆ ಬಂದ.

ಆ 'ಬೇರೆಯವರು' ಬರದೆ ಎರಡು ವರ್ಷ ದಾಟಿತ್ತು. ಇನ್ನು ಬರುವವರೂ ಅಲ್ಲ. ಆದರೂ ಪ್ರತಿ ಸೋಮವಾರ ಆ ಚಪ್ಪಲಿಯ ಧೂಳು ಒರೆಸಿ, ಬಂದವರು ನೇರ ಕಾಲಿಡುವಂತೆ ತಿರುಗಿಸಿಡದಿದ್ದರೆ ಚಿಹಾರುವಿಗೆ ಅನ್ನ ಇಳಿಯುತ್ತಿರಲಿಲ್ಲ.

ಒನೊಮಿಚಿ ಎಂಬ ಕಡಲೂರಿನ ಮೀನಿನಂಗಡಿಯ ಮೇಲಿನ ಮಹಡಿಯಲ್ಲಿದ್ದ ಆ ಪುಟ್ಟ ಇಂಗ್ಲಿಷ್ ಶಾಲೆಯ ಕಚೇರಿ ಕೆಲಸವೆಲ್ಲ ಅವಳದೇ. ಕೆಲಸ ಕೇಳಿ ಫೋನ್ ಮಾಡುವವರ ಪ್ರಶ್ನೆ ಯಾವಾಗಲೂ ಒಂದೇ. "ಪಾಠ ಹೇಳುವ ಸರ್ಟಿಫಿಕೇಟ್ ಇದ್ದರೆ ಅನುಕೂಲ ಆಗುತ್ತಾ?"

"ಇದ್ದರೆ ಒಳ್ಳೇದು. ಇಲ್ಲದಿದ್ದರೂ ನಡೆಯುತ್ತೆ," ಎನ್ನುತ್ತಿದ್ದಳು ಅವಳು. ಫೋನ್ ಇಟ್ಟ ಮೇಲೆ ಪ್ರತಿ ಸಲವೂ ಅದೇ ಯೋಚನೆ.

'ಇಲ್ಲದಿದ್ದರೂ ನಡೆಯುತ್ತಿತ್ತು... ಈ ಮಾತನ್ನ ಅವನಿಗೆ ಯಾಕೆ ಹೇಳಲಿಲ್ಲ ನಾನು?'

ಒಳಗೆ ಕುಸುನೋಕಿ ಮೇಡಂ ಬಂದವನ ಅರ್ಜಿ ಹಿಡಿದು ಕೂತಿದ್ದರು. ಶಾಲೆ ಅವರದು, ವಯಸ್ಸು ಅರವತ್ತೆಂಟು, ಬಾಯಿ ಇಪ್ಪತ್ತೆಂಟರದು.

"ರೆನಾಟೊ ದುಮ್ಲಾವೊ. ಫಿಲಿಪೈನ್ಸ್. ಡಿಗ್ರಿ ಇದೆ, ಸರಿ. ಸರ್ಟಿಫಿಕೇಟು, ಲೈಸೆನ್ಸು ಅನ್ನೋ ಕಡೆ ಮಾತ್ರ ಖಾಲಿ?"

"ಖಾಲಿ, ಮೇಡಂ."

"ಒಳ್ಳೇದೇ ಆಯ್ತು ಬಿಡಿ! ಹೋದ ಸಲ ಬಂದವನ ಹತ್ರ ಮೂರು ಸರ್ಟಿಫಿಕೇಟಿತ್ತು. ಬಂದ ವಾರಕ್ಕೇ ನಮ್ಮ ಪುಸ್ತಕ ಸರಿ ಇಲ್ಲ ಅಂದ. ದೊಡ್ಡ ದೊಡ್ಡ ಶಾಲೆಗಳಲ್ಲಿ ಕಾಗದಕ್ಕೆ ಬೆಲೆ. ನಮ್ಮಲ್ಲಿ ನಗುಮುಖಕ್ಕೆ ಬೆಲೆ. ಎಲ್ಲಿ, ನಗಿ ನೋಡೋಣ!"

ಅವನು ನಕ್ಕ. ಕಣ್ಣು ನಗಲಿಲ್ಲ. ಚಿಹಾರು ಅದನ್ನು ಗಮನಿಸಿದಳು.

ಆಮೇಲೆ ಮಾದರಿ ಪಾಠ. ಪದ್ಧತಿಯಂತೆ ಮೇಡಮ್ಮೂ ಚಿಹಾರುವೂ ಪುಟಾಣಿ ಕುರ್ಚಿಗಳಲ್ಲಿ ಐದು ವರ್ಷದ ಮಕ್ಕಳಾಗಿ ಕೂತರು. ಮೇಡಂ ಆಗಲೇ ಬೆರಳು ಚೀಪಲು ಶುರು ಮಾಡಿದ್ದರು!

ಪಾಠ ಯಾವತ್ತೂ ಧ್ವನಿಮುದ್ರಿಕೆಯಿಂದಲೇ ಶುರು. ರೆನಾಟೊ ಗುಂಡಿ ಒತ್ತಿದ.

"ಹಲೋ ಎವ್ರಿವನ್! ಹೌ ಆರ್ ಯು ಟುಡೇ?"

ಆ ನೀಲಿ ಚಪ್ಪಲಿಯವನ, ಸತ್ತವನ ದನಿ, ಎಂದಿನಂತೆ ಗೆಲುವಾಗಿ ಕೋಣೆ ತುಂಬಿತು. ಚಿಹಾರು ಎಂದಿನಂತೆ ಉಗುರುಗಳನ್ನು ಅಂಗೈಗೊತ್ತಿಕೊಂಡಳು.

ಆದರೆ ಆ ದಿನ ಇನ್ನೊಂದಾಯಿತು. ರೆನಾಟೊ ಗಕ್ಕನೆ ಹಿಂದೆ ತಿರುಗಿ ಬಾಗಿಲ ಕಡೆ ನೋಡಿದ. ಅವನ ಮುಖ ಬಿಳಿಚಿಕೊಂಡಿತ್ತು.

'ಭಯ ಇರಬೇಕು, ಮೊದಲನೇ ಸಲ ಅಲ್ವಾ,' ಅಂದುಕೊಂಡಳು ಅವಳು.

*

ಚಳಿಗಾಲದ ಹೊತ್ತಿಗೆ ಮಕ್ಕಳು ಅವನ ಹೆಗಲೇರಿದ್ದವು.

ಒಂದು ಮಧ್ಯಾಹ್ನ ಧ್ವನಿಮುದ್ರಿಕೆ "ಹೌ ಆರ್ ಯು ಟುಡೇ?" ಎಂದಾಗ ಪುಟ್ಟ ಮಿಯೊ ಕಣ್ಣೊರೆಸಿಕೊಳ್ಳುತ್ತಲೇ "ಐ ಆಮ್ ಫೈನ್, ಥ್ಯಾಂಕ್ ಯು" ಎಂದಳು. ರೆನಾಟೊ ಗುಂಡಿ ಒತ್ತಿ ಯಂತ್ರ ನಿಲ್ಲಿಸಿದ. ಅವಳೆದುರು ಮಂಡಿಯೂರಿದ.

"ಮಿಯೊ, ಅದು ಪುಸ್ತಕದ ಉತ್ತರ. ನಿಂದು ಹೇಳು."

"ಸ್ಯಾಡ್... ನಮ್ಮ ಬೆಕ್ಕು ಮನೆಗೇ ಬಂದಿಲ್ಲ!"

ಬಾಗಿಲ ಹೊರಗಿದ್ದ ಚಿಹಾರುವಿನ ಕಣ್ಣು ತುಂಬಿತು.

"ಇದನ್ನೆಲ್ಲ ಎಲ್ಲಿ ಕಲಿತ್ರಿ ನೀವು?" ಎಂದು ಪಾಠ ಮುಗಿದ ಮೇಲೆ ಕೇಳಿದಳು.

"ಒಬ್ಬ ಗೆಳೆಯನಿಂದ," ಎಂದವನು ಬೇಗ ಮುಖ ತಿರುಗಿಸಿಕೊಂಡ.

ಅವಳ ಮೇಜಿನ ಮೇಲೆ ದಿನಾ ಒಂದು ಬಿಸಿ ಕಾಫಿ ಡಬ್ಬಿ ಬರತೊಡಗಿತ್ತು. ಹಸಿರು ಚಪ್ಪಲಿ ಸರಪರ ಎಳೆಯುವ ಸದ್ದಿಗೆ ಅವಳ ಕಿವಿ ಕಾಯತೊಡಗಿತ್ತು. 'ಛೆ, ಇದೇನಾಗ್ತಿದೆ ನನಗೆ?' ಎಂದು ತನ್ನನ್ನೇ ಗದರಿಕೊಂಡರೂ ಕಿವಿ ಮಾತು ಕೇಳಬೇಕಲ್ಲ!

ಒಂದು ಸಂಜೆ ದೋಣಿಕಟ್ಟೆಯಲ್ಲಿ ಅವಳೇ ಬಾಯಿಬಿಟ್ಟಳು.

"ಅವನ ಹೆಸರು ಗ್ಯಾರೆತ್. ವೇಲ್ಸ್‌ನವನು. ಮದುವೆ ಆಗೋದಿತ್ತು. ನಾನೇ ಹೇಳಿದ್ದು... ಕೈಯಲ್ಲಿ ಒಂದು ಸರ್ಟಿಫಿಕೇಟೂ ಇಲ್ಲದವನಿಗೆ ಅಪ್ಪ ಹೆಣ್ಣು ಕೊಡಲ್ಲ ಅಂತ. ಪ್ರತಿ ಭಾನುವಾರ ಒಕಯಾಮಾಗೆ ತರಬೇತಿಗೆ ಹೋದ. ಕೊನೇ ದಿನ ಸರ್ಟಿಫಿಕೇಟ್ ತಗೊಂಡು ವಾಪಸ್ ಬರುವಾಗ ರೈಲಿನಲ್ಲೇ ಹೃದಯ ನಿಂತುಹೋಯ್ತು. ನಿದ್ದೆ ಮಾಡ್ತಿದಾನೆ ಅಂದುಕೊಂಡು ಯಾರೂ ಮುಟ್ಟಲಿಲ್ಲ. ರೈಲು ಇಲ್ಲಿ ನಿಂತು, ಮುಂದೆ ಹೋಗಿ, ಕೊನೇ ನಿಲ್ದಾಣದಲ್ಲಿ ಗಾರ್ಡ್ ಬಂದು..."

ರೆನಾಟೊ ಕಟ್ಟೆಯ ಕಂಬಿಯ ಮೇಲೆ ಬಾಗಿ ಕಣ್ಣೊರೆಸಿಕೊಂಡ. ತನಗಾಗಿ ಇಷ್ಟು ಮರುಗುವವನೂ ಇದ್ದಾನಲ್ಲ ಎಂದು ಅವಳ ಮನಸ್ಸು ಅವನತ್ತ ಇನ್ನಷ್ಟು ವಾಲಿತು.

*

ಜೂನ್ ಬಂತು. ಅವನ ವೀಸಾ ನವೀಕರಣಕ್ಕೆ ಕಾಗದಪತ್ರ ಬೇಕಿತ್ತು. ರೆನಾಟೊ ಒಂದು ಲಕೋಟೆ ಕೊಟ್ಟು, ಏನೋ ಹೇಳಹೊರಟು, ಸುಮ್ಮನೆ ಪಾಠಕ್ಕೆ ಹೋದ.

ಡಿಗ್ರಿ ಇತ್ತು. ಅವನ ದೇಶದ ಶಿಕ್ಷಕರ ಲೈಸೆನ್ಸೂ ಇತ್ತು! ಅದರ ಕೆಳಗೆ ಇನ್ನೊಂದು ಹಾಳೆ...

ಅದೇ ಒಕಯಾಮಾ. ಅದೇ ಕೆಂಪು ಮುದ್ರೆ. ಅದೇ ತಾರೀಖು. ಅವಳ ಮೇಜಿನ ಡ್ರಾಯರಿನಲ್ಲಿ ಮೂರು ವರ್ಷದಿಂದ ಮಲಗಿದ್ದ ಗ್ಯಾರೆತ್‌ನ ಹಾಳೆಯ ಜೋಡಿ!

ಮಕ್ಕಳು ಹೋಗುವತನಕ ಹೇಗೆ ಕೂತಿದ್ದಳೋ ಅವಳಿಗೇ ಗೊತ್ತಿಲ್ಲ.

"ನಿಮಗೆ ಅವನು ಗೊತ್ತಿತ್ತು."

"ಗೊತ್ತಿತ್ತು. ಪಕ್ಕದಲ್ಲೇ ಕೂರ್ತಿದ್ವಿ."

"ಒಂಬತ್ತು ತಿಂಗಳು! ನನ್ನ ಬಾಯಿಂದ ಎಲ್ಲ ಕೇಳಿಕೊಂಡು ಏನೂ ತಿಳಿಯದವರ ಹಾಗೆ... ಅದಕ್ಕೇನಾ ಅರ್ಜೀಲಿ ಖಾಲಿ ಬಿಟ್ಟಿದ್ದು?"

"ಆ ತಾರೀಖು ನೋಡಿದ್ರೆ ನೀವು ಕೇಳ್ತಿದ್ರಿ. ಹೇಳಬೇಕು ಅಂತಲೇ ಬಂದವನು ನಾನು. ನಿಮ್ಮ ಮುಖ ನೋಡಿದ ಮೇಲೆ ಆಗಲಿಲ್ಲ. ಆಮೇಲೆ... ನಿಮ್ಮನ್ನ ಕಳಕೊಳ್ಳೋ ಭಯ."

"ಹೇಳೋದು ಏನಿತ್ತು?"

ಅವನು ನೆಲ ನೋಡಿದ.

"ರೈಲಲ್ಲೂ ಪಕ್ಕದಲ್ಲೇ ಇದ್ದೆ, ಚಿಹಾರು-ಸಾನ್. ನಾನು ಇಳಿಯೋದು ಫುಕುಯಾಮಾದಲ್ಲಿ. ಕಿಟಕಿಗೆ ತಲೆ ಆನಿಸಿ ಮಲಗಿದ್ದ. ನಮ್ಮೂರಾಗಿದ್ರೆ ಬೆನ್ನಿಗೊಂದು ಗುದ್ದಿ 'ಹೋಗಿ ಬರ್ತೀನೋ' ಅಂತಿದ್ದೆ. ಇಲ್ಲಿ ಹತ್ತು ವರ್ಷ ಇದ್ದು ಇಲ್ಲಿನ ಮರ್ಯಾದೆ ಕಲಿತುಬಿಟ್ಟಿದ್ದೆ. ಮಲಗಿದವರನ್ನ ಎಬ್ಬಿಸಬಾರದು ಅಂತ ಬೆಕ್ಕಿನ ಹೆಜ್ಜೆಯಲ್ಲಿ ಇಳಿದುಹೋದೆ."

ಚಿಹಾರುವಿನ ಕಿವಿಯಲ್ಲಿ ಗುಂಯ್ ಎಂದಿತು.

"ಹೋಗಿ," ಎಂದಳು. "ದಯವಿಟ್ಟು ಹೋಗಿ!"

ಬಾಗಿಲಲ್ಲಿ ಅವನು ನಿಂತ.

"ಒಂದೇ ಮಾತು. ಆ ದಿನ ರೈಲಲ್ಲಿ ಕೇಳಿದ್ದೆ, ಈ ಕಾಗದ ಮಾವನಿಗೆ ತೋರಿಸೋಕಾ ಅಂತ. ನಕ್ಕ. 'ಮೊದಲು ಹಾಗೇ ಇತ್ತು. ಈಗ ನನ್ನ ಮಕ್ಕಳಿಗೆ. ಅಳ್ತಾ ಅಳ್ತಾ ಐ ಆಮ್ ಫೈನ್ ಅಂತಾವೆ. ನಾನೇ ಹಾಗೆ ಕಲಿಸಿದ್ದು. ಇವತ್ತು ಸರಿಯಾಗಿ ಕಲಿತೆ, ನಾಳೆ ಆ ಹಾಳು ಧ್ವನಿಮುದ್ರಿಕೆ ನಿಲ್ಲಿಸ್ತೀನಿ' ಅಂದ. ತುಂಬಾ ಖುಷಿಯಾಗಿದ್ದ."

ಬಾಗಿಲು ಮುಚ್ಚಿತು. ಹಸಿರು ಚಪ್ಪಲಿಗಳು ಅಚ್ಚುಕಟ್ಟಾಗಿ ಕಪಾಟಿಗೆ ವಾಪಸಾಗಿದ್ದವು.

ಚಿಹಾರು ಅಲ್ಲೇ ಕುಸಿದು ಕೂತು ಅತ್ತಳು. ಮೂರು ವರ್ಷದಿಂದ ತಾನೇ ಅವನನ್ನು ಸಾವಿಗೆ ಅಟ್ಟಿದೆ ಎಂದುಕೊಂಡಿದ್ದಳು. ಅವನು ಖುಷಿಯಿಂದ ಬರುತ್ತಿದ್ದನಂತೆ!

ಮರುದಿನ ರೆನಾಟೊ ಬರಲಿಲ್ಲ. ಅದರ ಮರುದಿನವೂ ಇಲ್ಲ. ಮೇಡಂ ಎರಡು ಹಾಳೆಗಳನ್ನೂ ಅಕ್ಕಪಕ್ಕ ಇಟ್ಟು ಕನ್ನಡಕ ಸರಿಮಾಡಿಕೊಂಡರು.

"ಕಾಗದ ಇದ್ದವರು ಬೇಡ ಅಂತ ನಾನು ಬಾಯಿ ಬಡ್ಕೊಂಡಿದ್ದೇ ಬಂತು. ನನಗೆ ಸಿಕ್ಕ ಒಳ್ಳೇ ಮೇಷ್ಟ್ರು ಕಾಗದ ಬಚ್ಚಿಟ್ಟುಕೊಂಡೇ ಬರೋ ಹಾಗಾಯ್ತು ನೋಡು. ಅಲ್ಲ ಕಣೇ, ಅವನು ಎಬ್ಬಿಸಲಿಲ್ಲ ಅಂತ ಸಿಟ್ಟಾ ನಿನಗೆ?"

ಚಿಹಾರು ತಲೆ ತಗ್ಗಿಸಿದಳು. ಸಿಟ್ಟು ಯಾರ ಮೇಲೆ ಎಂಬುದು ಅವಳಿಗೆ ಮಾತ್ರ ಗೊತ್ತಿತ್ತು. ಯಾರಿಗೂ ಹೇಳದ ಒಂದು ಮಾತು ಅವಳಲ್ಲೂ ಇತ್ತು.

*

ಅದೇ ತಾರೀಖು ಮತ್ತೆ ಬಂತು. ಪ್ರತಿ ವರ್ಷದಂತೆ ಚಿಹಾರು ಸಂಜೆಯ ಆ ರೈಲಿಗೆ ಒನೊಮಿಚಿ ಪ್ಲಾಟ್‌ಫಾರ್ಮಿನಲ್ಲಿ ನಿಂತಳು. ಯಾರೂ ಬರುವುದಿಲ್ಲ ಎಂದು ತಿಳಿದೂ ನಿಲ್ಲುವುದೇ ಅವಳ ವ್ರತ.

ಹಳದಿ ರೈಲು ಬಂತು. ಬಾಗಿಲು ತೆರೆಯಿತು. ಒಬ್ಬೊಬ್ಬರೇ ಇಳಿದರು.

ಮೂರನೇ ಬೋಗಿಯ ಕಿಟಕಿಯಲ್ಲಿ ಒಂದು ತಲೆ ಗಾಜಿಗೆ ಆನಿತ್ತು. ಕಣ್ಣು ಮುಚ್ಚಿತ್ತು.

ಅವಳ ಎದೆ ನಿಂತೇಹೋಯಿತು.

ರೆನಾಟೊ!

'ಮಲಗಿದ್ದಾನೆ, ಅಷ್ಟೇ... ಮಲಗಿದ್ದಾನೆ...' ಆ ದಿನವೂ ಹೀಗೇ ಅಂದುಕೊಂಡಿದ್ದಳು!

ಬಾಗಿಲು ಮುಚ್ಚುವ ಗಂಟೆ ಬಾರಿಸಿತು. ಚಿಹಾರು ಓಡಿದಳು. ಸಾಲು ಮುರಿದಳು, ಯಾರನ್ನೋ ನೂಕಿದಳು, ಕ್ಷಮೆಯನ್ನೂ ಕೇಳದೆ ಒಳಗೆ ಹಾರಿದಳು. ಸೂಜಿ ಬಿದ್ದರೂ ಕೇಳುವ ಆ ಬೋಗಿಯಲ್ಲಿ ಅವನ ಹೆಗಲು ಹಿಡಿದು ಅಲುಗಿಸುತ್ತ ಕಿರುಚಿದಳು.

"ಏಳಿ! ರೆನಾಟೊ, ಎದ್ದೇಳಿ! ಏಳಿ ಅಂದ್ರೆ!"

ಇಡೀ ಬೋಗಿ ತಿರುಗಿ ನೋಡಿತು.

ಅವನು ಕಣ್ಣು ತೆರೆದ. "ಚಿಹಾರು-ಸಾನ್? ನೀವು... ಇಲ್ಲಿ?"

ಅವಳು ಅವನೆದೆಗೆ ಮುಖವೊತ್ತಿ ಬಿಕ್ಕಿದಳು. ರೈಲು ಹೊರಟಿತು.

"ವರ್ಷಕ್ಕೊಂದು ದಿನ ಇದರಲ್ಲಿ ಕೊನೇವರೆಗೂ ಹೋಗ್ತೀನಿ. ಆವತ್ತು ಅವನ ಜೊತೆ ಹೋಗಲಿಲ್ವಲ್ಲ, ಅದಕ್ಕೆ," ಎಂದ ಅವನು ಮೆಲ್ಲಗೆ. "ಮೂರು ರಾತ್ರಿಯಿಂದ ನಿದ್ದೆ ಇರಲಿಲ್ಲ. ಜೋಂಪು ಹತ್ತಿಬಿಡ್ತು."

"ನಾನೂ ನೋಡಿದ್ದೆ ಅವನನ್ನ."

"ಏನು?"

"ಆವತ್ತು. ಕಿಟಕಿಯಲ್ಲಿ. ಪಾಪ ನಿದ್ದೆ ಹೋಗಿದಾನೆ, ಕೊನೇ ನಿಲ್ದಾಣದಲ್ಲಿ ಎದ್ದು ಪೆಚ್ಚಾಗಿ ವಾಪಸ್ ಬರ್ತಾನೆ ಅಂತ... ನಾನು ನಕ್ಕಿದ್ದೆ, ರೆನಾಟೊ! ನಗ್ತಾ ನಗ್ತಾ ಆ ಕಡೆಯಿಂದ ವಾಪಸ್ ಬರೋ ರೈಲಿಗೆ ಕಾದಿದ್ದೆ. ನಿಮಗೆ ಹೋಗಿ ಅಂದೆನಲ್ಲ, ಅದು ನನಗೇ ಅಂದುಕೊಂಡಿದ್ದು."

ಅವನು ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಹೊರಗೆ ಸಮುದ್ರ ಜೊತೆಜೊತೆಗೇ ಬರುತ್ತಿತ್ತು.

"ನಾಳೆ ಬನ್ನಿ ಶಾಲೆಗೆ," ಎಂದಳು ಮೂಗೊರೆಸಿಕೊಂಡು. "ನೀಲಿ ಚಪ್ಪಲಿ ಮನೆಗೆ ತಗೊಂಡುಹೋಗಿದ್ದೀನಿ. ಆ ಜಾಗದಲ್ಲಿ ನಿಮ್ಮ ಅಳತೆಯದು ಹೊಸದಿದೆ."

"ಯಾರಿಗೆ? ಮೇಷ್ಟ್ರಿಗಾ?"

"ಮೇಷ್ಟ್ರಿಗೂ." ಅವಳ ಕೆನ್ನೆ ಕೆಂಪಾಯಿತು. "ದಿನಾ ನಾನೇ ಎಬ್ಬಿಸಬೇಕಾಗಿರೋರಿಗೂ..."

ಕೊನೆಯ ನಿಲ್ದಾಣ ಬಂತು. ಮೂರು ವರ್ಷದಲ್ಲಿ ಅವಳು ಇಲ್ಲಿಗೆ ಕಾಲಿಟ್ಟಿರಲಿಲ್ಲ. ಬಾಗಿಲಲ್ಲಿ ಅವಳ ಹೆಜ್ಜೆ ತಡವರಿಸಿತು. ಮೊದಲು ಇಳಿದ ರೆನಾಟೊ, ತರಗತಿಯಲ್ಲಿ ಮಿಯೊಳನ್ನು ಕೇಳುವ ದನಿಯಲ್ಲೇ ಕೇಳಿದ.

"ಹೌ ಆರ್ ಯು ಟುಡೇ, ಚಿಹಾರು?"

ಪುಸ್ತಕದ ಉತ್ತರ ಅವಳ ನಾಲಿಗೆಯ ತುದಿಗೇ ಬಂದಿತ್ತು. ನುಂಗಿಕೊಂಡಳು.

"ಚೆನ್ನಾಗಿಲ್ಲ," ಎಂದಳು. "ಕೈ ಬಿಡಬೇಡಿ."