ಸರ್ಸೆನ್ ಕುರ್ಚಿಯ ಮುಂದಿಟ್ಟ ತಟ್ಟೆ

ಜನವರಿ ಹದಿನೆಂಟು, ಶನಿವಾರ ಬೆಳಿಗ್ಗೆ ವಕೀಲೆ ರೌಶನ್ ಅಲ್ಮಾಟಿಯ ಗುಡ್ಡದ ಬುಡದ ಠಾಣೆಗೆ ಬಂದಾಗ ಅವಳ ಕೈಗವಸಿನ ಮೇಲೆ ರಕ್ತವಿತ್ತು.

"ಸರ್ಸೆನ್ ಅಣ್ಣನ್ನ ಯಾರೋ ಕೊಂದುಹಾಕಿದ್ದಾರೆ ಮೇಡಂ. ಆರೋಗ್ಯ ವಿಚಾರಿಸೋಣ ಅಂತ ಹೋದೆ, ತೋಟದ ಮನೇಲಿ ಬಿದ್ದಿದ್ದಾರೆ."

ಇನ್ಸ್‌ಪೆಕ್ಟರ್ ಕುರಲಾಯ್ ಎಫ್‌ಐಆರ್ ಬರೆಸಿ, ಹೆಡ್ ಕಾನ್‌ಸ್ಟೇಬಲ್ ಯೆರ್ಮೆಕ್‌ನನ್ನು ಕರೆದುಕೊಂಡು ಹೊರಟಳು. ಊರಿನ ಹಳೆಯ ವಕೀಲರ ಸಂಸ್ಥೆಯನ್ನು ಕಟ್ಟಿದ ಎಪ್ಪತ್ತೆರಡರ ಸರ್ಸೆನ್ ಒಲೆಯ ಮುಂದೆ ಬೋರಲು ಬಿದ್ದಿದ್ದರು. ಪಕ್ಕದಲ್ಲೇ ಸೌದೆ ಸೀಳುವ ಕೊಡಲಿ. ತಲೆಗೆ ಎಷ್ಟು ಏಟು ಬಿದ್ದಿತ್ತೆಂದು ವೈದ್ಯರಿಗೂ ಎಣಿಸಲಾಗಲಿಲ್ಲ. ಗೋಡೆಯ ಕಂಬಳಿಯವರೆಗೂ ರಕ್ತ ಸಿಡಿದು ಹೆಪ್ಪುಗಟ್ಟಿತ್ತು. ಬಾಗಿಲು ಮುರಿದಿರಲಿಲ್ಲ. ಒಲೆ ಆರಿ ಕೋಣೆ ಕೊರೆಯುತ್ತಿದ್ದುದರಿಂದ, ಸತ್ತದ್ದು ಶುಕ್ರವಾರ ಮಧ್ಯಾಹ್ನವೋ ರಾತ್ರಿಯೋ ಹೇಳಲಾಗದು ಎಂದರು ವೈದ್ಯರು. ನೆರೆಮನೆಯವನು ಪಂಚನಾಮೆಗೆ ಸಹಿ ಹಾಕಿದ.

ಸಂಸ್ಥೆಯ ಬುಡ ಮೊದಲೇ ಅಲ್ಲಾಡುತ್ತಿತ್ತು. ಒಂದೇ ತಿಂಗಳಲ್ಲಿ ಮೂವರು ಪಾಲುದಾರರು ಕಕ್ಷಿದಾರರನ್ನೂ ಕಟ್ಟಿಕೊಂಡು ಹೊರನಡೆದಿದ್ದರು. ಉಂಡ ಮನೆಗೆ ಎರಡು ಬಗೆಯುವುದನ್ನು ವಕೀಲರಿಗೆ ಯಾರೂ ಕಲಿಸಬೇಕಿಲ್ಲ. ಉಳಿದವರಿಗೆ ಧೈರ್ಯ ತುಂಬಲು ಸರ್ಸೆನ್ ಶುಕ್ರವಾರ ಸಂಜೆ ಊರಿನ ಹೋಟೆಲೊಂದರಲ್ಲಿ ಔತಣ ಇಟ್ಟುಕೊಂಡಿದ್ದರು. ತಮ್ಮ ಕುರ್ಚಿ ಯಾರಿಗೆಂದು ಅಲ್ಲೇ ಹೇಳುವವರಿದ್ದರು. ಬರಲಿಲ್ಲ. "ಅಪ್ಪಂಗೆ ಬಿಪಿ ಜಾಸ್ತಿಯಾಗಿದೆ, ತೋಟದ ಮನೇಲಿ ಮಲಗಿದ್ದಾರೆ. ನೀವು ಊಟ ಮಾಡಿ," ಎಂದಿದ್ದ ಮಗ ಮಾದಿಯಾರ್. ಅವನೂ ಅಲ್ಲೇ ವಕೀಲ. ಸಂಜೆಯಿಂದ ಬೆಳಗಿನವರೆಗೆ ಅವನು ಎಲ್ಲರ ಕಣ್ಣೆದುರೇ ಇದ್ದ.

ಸಂಸ್ಥೆ ಬಿಟ್ಟವರಲ್ಲಿ ತೊಲೆಗೆನ್ ಎಂಬವನು, "ನಿನ್ನ ತಲೆ ಒಡೀತೀನಿ ಮುದುಕಾ" ಎಂದು ಕೂಗಿದ್ದು ಇಡೀ ಕಚೇರಿಗೆ ಕೇಳಿತ್ತು. ಯೆರ್ಮೆಕ್ ಹಿಡಿಯಲು ಹೋದಾಗ ಬಾಟಲಿ ಬೀಸಿದ. ಯೆರ್ಮೆಕ್‌ನ ಹುಬ್ಬು ಹರಿಯಿತು, ತೊಲೆಗೆನ್‌ನ ಕೈ ಮುರಿಯಿತು. ವಿಚಾರಿಸಿದರೆ, ಶುಕ್ರವಾರವೆಲ್ಲ ಅವನು ಅಸ್ತಾನಾದ ಕೋರ್ಟಿನಲ್ಲಿದ್ದ; ಶನಿವಾರದ ವಿಮಾನದಲ್ಲಿ ಮರಳಿದ್ದ. ಹುತ್ತ ಬಡಿದರೆ ಹಾವು ಸಾಯುತ್ತದೆಯೇ?

ಕುರಲಾಯ್ ರೌಶನ್‌ಳನ್ನು ಮತ್ತೆ ಕೂರಿಸಿಕೊಂಡಳು.

"ಔತಣದಲ್ಲಿ ಹಿರಿಯರಿಗೆ ಅಂತ ಇಡೋ ಕುರಿ ತಲೆ ಯಾರ ಮುಂದಿಟ್ರು?"

"ಸರ್ಸೆನ್ ಅಣ್ಣನ ಕುರ್ಚಿ ಮುಂದೆ. ಖಾಲಿ ಇತ್ತಲ್ಲ, ಯಾರೂ ಮುಟ್ಟಲಿಲ್ಲ."

"ಆಮೇಲೆ?"

"ಮಾದಿಯಾರ್ ತಟ್ಟೆ ಎಳ್ಕೊಂಡ. ಚಾಕು ತಗೊಂಡು ಕೊಯ್ದು ಹಂಚಿದ."

ಯೆರ್ಮೆಕ್ ಹೊಲಿಗೆ ಹಾಕಿದ ಹುಬ್ಬನ್ನೇ ಏರಿಸಿದ. "ಅಪ್ಪ ಬದುಕಿರೋನು ಕುರಿ ತಲೆಗೆ ಚಾಕು ಹಾಕ್ತಾನೇನಕ್ಕಾ?"

ರೌಶನ್ ಮುಖ ಬಿಳುಚಿತು. "ಯಾರ ಮನೇಲೂ ಹಾಕಲ್ಲ. ಇಷ್ಟು ವರ್ಷ ಅವನೇ 'ನಮ್ಮಪ್ಪ ಇದ್ದಾರೆ' ಅಂತ ತಟ್ಟೆ ದಾಟಿಸ್ತಿದ್ದ. ಎಲ್ರೂ ಕುಡಿದಿದ್ವಿ, ನಮಗೆ ಹೊಳೀಲೇ ಇಲ್ಲ."

"ಅವನಿಗೂ ಹೊಳೀಲಿಲ್ಲ," ಎಂದಳು ಕುರಲಾಯ್.

ಆದರೆ ಪದ್ಧತಿಯನ್ನು ಕೋರ್ಟು ಸಾಕ್ಷಿ ಎನ್ನುವುದಿಲ್ಲ. ಮಾದಿಯಾರ್‌ನ ಕಾರು ಶೋಧಿಸಿದರು. ಬ್ರೇಕ್ ಪೆಡಲಿನ ಕೆಳಗಿನ ಹಾಸಿನಲ್ಲಿ ರಕ್ತ. ಸರ್ಸೆನ್‌ರದೇ ಎಂದು ಬುಧವಾರ ಪ್ರಯೋಗಾಲಯ ಹೇಳಿತು.

ಹಿಡಿಯಲು ಹೋದಾಗ ಅವನು ಅಪ್ಪನ ಕುರ್ಚಿಯಲ್ಲಿದ್ದ. ಮೇಜಿನ ಮೇಲಿನ ಕಲ್ಲಿನ ಮಸಿಕುಡಿಕೆ ಎತ್ತಿ ಯೆರ್ಮೆಕ್‌ನ ಬಾಯಿಗೆ ಬಡಿದ. ಎರಡು ಹಲ್ಲು ಉದುರಿದವು. ಕುರಲಾಯ್ ಲಾಠಿಯಿಂದ ಅವನ ಮಂಡಿಗೆ ಹೊಡೆದಳು. ಬಿದ್ದರೂ ಕುರ್ಚಿಯ ಕೈ ಬಿಡಲಿಲ್ಲ. ಕುರ್ಚಿಯ ಸಮೇತ ಬಾಗಿಲವರೆಗೆ ಎಳೆದು, ಬೆರಳು ಬಿಡಿಸಿ ಬೇಡಿ ಹಾಕಿದರು.

"ಶುಕ್ರವಾರ ಬೆಳಿಗ್ಗೆ ಅಪ್ಪ, ಕುರ್ಚಿ ರೌಶನ್‌ಗೆ ಅಂದ," ಎಂದ ಮಾದಿಯಾರ್ ಠಾಣೆಯಲ್ಲಿ. "ಇಪ್ಪತ್ತು ವರ್ಷ ಅವನ ಬ್ಯಾಗ್ ಹೊತ್ತೋನು ನಾನು. ಮಧ್ಯಾಹ್ನ ಮತ್ತೆ ಫೋನು. 'ತೋಟದ ಮನೆಗೆ ಬಾ, ಮಾತಾಡ್ಬೇಕು.' ಇನ್ನೇನಿರುತ್ತೆ, ಬುದ್ಧಿ ಹೇಳೋಕೆ. ಬಾಗಿಲ ಹತ್ರಾನೇ ಕೊಡಲಿ ಇತ್ತು. ಬಾಯಿ ತೆಗೆಯೋಕೇ ಬಿಡಲಿಲ್ಲ."

ಬಂಧನದ ಸುದ್ದಿ ಕೇಳಿ ರೌಶನ್ ಬಂದು ಇನ್ನೊಂದು ಹೇಳಿಕೆ ಕೊಟ್ಟಿದ್ದಳು. ತಾನೂ ಸಂಸ್ಥೆ ಬಿಡುವವಳಿದ್ದೆ ಎಂಬ ನಾಚಿಕೆಗೆ ಅದುವರೆಗೆ ಬಾಯಿ ಬಿಟ್ಟಿರಲಿಲ್ಲ. ಕುರಲಾಯ್‌ಗೆ ಓದುವ ಮನಸ್ಸಿರಲಿಲ್ಲ. ಆದರೂ ಮಾದಿಯಾರ್‌ಗೆ ಕೇಳುವಂತೆ ಓದಿದಳು.

"ಶುಕ್ರವಾರ ಮಧ್ಯಾಹ್ನ ನಾನು ಕುರ್ಚಿ ಬೇಡ ಅಂದೆ. ಸರ್ಸೆನ್ ಅಣ್ಣ ನಕ್ಕರು. 'ಹಾಗಾದ್ರೆ ನನ್ನ ಹುಡುಗನೇ ಆಗ್ಲಿ. ಅವನನ್ನೇ ಕೂರಿಸ್ಬೇಕಿತ್ತು, ನಂದೇ ತಪ್ಪು. ಔತಣಕ್ಕೆ ಮುಂಚೆ ಕರೆದು ಹೇಳ್ತೀನಿ' ಅಂದರು."

ಮಾದಿಯಾರ್ ಬೇಡಿ ಹಾಕಿದ ಕೈಯನ್ನು ಹಾಳೆಯತ್ತ ಚಾಚಿದ.

"ಇನ್ನೊಂದ್ಸಲ ಓದಿ," ಎಂದ.