ಅತ್ತರು ಹಚ್ಚಿದ ಕುರಿಮರಿ

“ಏ ಮರೆವ್ವಾ, ನಿನ್ನ ಮರಿ ದೂರ ಕಟ್ಟವಾ! ಅದರ ವಾಸನಿಗೆ ನನಗ ಮಗ್ಗೀನ ಮರತು ಹೋತು!”

ನಿಜಗುಣಪ್ಪ ಮೂಗು ಹಿಡಿದುಕೊಂಡೇ ಕೂಗಿದ. ಅವನ ಮಾತೂ ಕುರಿ ಅರಚಿದಂತೆಯೇ ಕೇಳಿತು. ದೊಡವಾಡದ ಶಾಲೆಯ ಮಕ್ಕಳೆಲ್ಲ ಗೊಳ್ಳೆಂದರು.

“ಕರೀ ಮೂತಿ, ಡೊಂಕ ಕಾಲ. ಛೀ, ಎಷ್ಟ ಹೊಲಸ ಐತಿ!” ಎಂದು ತಂಗೆವ್ವ ದೂರ ಸರಿದಳು.

ಮರೆವ್ವ ಮರಿಯನ್ನು ದೂರದ ಬೇವಿನ ಮರಕ್ಕೆ ಕಟ್ಟಿ ಬಂದಳು. ಹಗಲೆಲ್ಲ ತಾಯಿಕುರಿ ಮೇಯಲು ಹೋಗುತ್ತಿತ್ತು. ಆಗ ಮರಿಗೆ ಮರೆವ್ವಳೇ ದಿಕ್ಕು; ಅದಕ್ಕೇ ಶಾಲೆಗೂ ತರುತ್ತಿದ್ದಳು.

ನಿಜಗುಣಪ್ಪನ ಅಪ್ಪ ವ್ಯಾಪಾರಿ. ಚಕ್ಕಡಿ ಕಟ್ಟಿಕೊಂಡು ಬೈಲಹೊಂಗಲಕ್ಕೆ ಹೋದಾಗ ಅತ್ತರು ತರುತ್ತಿದ್ದ. ಮಧ್ಯಾಹ್ನ ಯಾರೂ ಇಲ್ಲದ ಹೊತ್ತಿನಲ್ಲಿ ಮಗರಾಯ ಆ ಅತ್ತರಿನ ಶೀಸೆಯನ್ನು ಮನೆಯಿಂದ ತಂದು ಮರಿಯ ಮೈಮೇಲೆ ಬಗ್ಗಿಸಿಬಿಟ್ಟ.

ಸಂಜೆಯ ತಮಾಷೆ ನೋಡಿ! ಅದೇ ತಂಗೆವ್ವ ಓಡಿಬಂದು ಮರಿಯನ್ನು ಎತ್ತಿಕೊಂಡಳು.

“ಅಯ್ಯ, ಗಮ್ ಅಂತೈತಿ! ಎಷ್ಟ ಚಂದ ಐತಿ ನೋಡ್ರೆ! ಕಣ್ಣಿಗಿ ಕಾಡಗಿ ಹಚ್ಚಿದಂಗ!”

ಮೂತಿ ಅದೇ, ಕಾಲೂ ಅದೇ. ಆದರೂ ಮರೆವ್ವ ಹಿಗ್ಗಿದಳು. ಮರಿಯನ್ನು ಮದುವಣಗಿತ್ತಿಯಂತೆ ಮೆರೆಸುತ್ತ ಹಟ್ಟಿಗೆ ನಡೆದಳು. ನಿಜಗುಣಪ್ಪ ಕಿಸಿಕಿಸಿ ನಗುತ್ತ ಹಿಂದೆಯೇ ಹೋದ.

ಕುರಿಗಳು ಮೇದು ಬಂದವು. ಮರಿ ಓಡಿಹೋಗಿ ತಾಯಿಯ ಕೆಚ್ಚಲಿಗೆ ಬಾಯಿ ಹಾಕಿತು. ತಾಯಿ ಮೂಸಿತು. ಮತ್ತೊಮ್ಮೆ ಮೂಸಿತು. ಢಿಕ್ಕಿ ಹೊಡೆದು ಮರಿಯನ್ನು ಕೆಡವಿತು!

ಮರಿ ಎದ್ದು ತಾಯಿಯ ಬಳಿಗೇ ಹೋಯಿತು. ಮತ್ತೆ ಬಿತ್ತು. ಹಸಿವಿಗೆ ಅದರ ದನಿ ಸಣ್ಣಗಾಯಿತು.

“ಆಯಿ, ಇದಕ್ಕ ಹಾಲ ಕೊಡವಲ್ದು! ಸಾಯ್ತೈತೇನ ಮರಿ?” ಎಂದು ಮರೆವ್ವ ಕೂಗಿದಳು.

ಅಜ್ಜಿ ಬಾಯವ್ವ ಮರಿಯನ್ನು ಮೂಸಿದಳು. “ಇದಕ್ಕ ಅತ್ತರ ಯಾರ ಹಚ್ಚ್ಯಾರ? ಕುರಿ ತನ್ನ ಮರೀನ ಮೂಗಿಲೆ ಗುರುತ ಹಿಡಿತೈತಿ. ಈಗ ಇದು ಯಾರದೋ ಮರಿ ಆಗೇತಿ.”

ಬೇಲಿಯಾಚೆ ಇಣುಕುತ್ತಿದ್ದ ನಿಜಗುಣಪ್ಪನ ನಗು ಇಂಗಿತು. “ನಾನ ಹಚ್ಚೀನಿ, ಆಯಿ. ಚ್ಯಾಷ್ಟಿಗೆ…”

“ಒಳಗ ಬಾ. ಮರಿ ಗಟ್ಟಿ ಹಿಡಕೋ.”

ಬಾಯವ್ವ ಬಿಸಿನೀರು ಸುರಿದು ಮರಿಯನ್ನು ತಿಕ್ಕಿ ತೊಳೆದಳು. ಮರೆವ್ವ ತಾಯಿಕುರಿಯ ಹಾಲನ್ನೇ ಹಿಂಡಿ ಮರಿಯ ತಲೆಯಿಂದ ಬಾಲದವರೆಗೆ ಸವರಿದಳು. ಮರಿ ಒದ್ದಾಡಿದ ರಭಸಕ್ಕೆ ಅರ್ಧ ಹಾಲು ನಿಜಗುಣಪ್ಪನ ಮುಖಕ್ಕೆ ಸಿಡಿಯಿತು.

ತಾಯಿಕುರಿ ಹತ್ತಿರ ಬಂತು. ಮೂವರೂ ಉಸಿರು ಬಿಗಿಹಿಡಿದರು. ಕುರಿ ಮೂಸಿತು… ಮರಿಯ ಬೆನ್ನು ನೆಕ್ಕಿತು! ಮರಿ ಬಾಲ ಪಟಪಟ ಬಡಿಯುತ್ತ ಹಾಲಿಗೆ ಬಿತ್ತು.

ಮರೆವ್ವ ಹೆಗಲ ಮೇಲಿನ ಕಂಬಳಿಯನ್ನು ಮೂಗಿಗೆ ಹಿಡಿದು ಮೆಲ್ಲಗೆ ಉಸಿರೆಳೆದುಕೊಂಡಳು. ಹಟ್ಟಿಯ ವಾಸನೆ. ತನ್ನ ವಾಸನೆ. ಕಂಬಳಿಯನ್ನು ಇನ್ನಷ್ಟು ಬಿಗಿಯಾಗಿ ಹೊದ್ದು ನೆಟ್ಟಗೆ ನಿಂತಳು.

ಅಷ್ಟರಲ್ಲಿ ಕುರಿ ಇತ್ತ ತಿರುಗಿ ನಿಜಗುಣಪ್ಪನ ಕೆನ್ನೆಯನ್ನೂ ನೆಕ್ಕತೊಡಗಿತು.

“ಏ, ಏ! ಬಿಡಸ್ರಿ ಆಯಿ!”

“ಇರ್ಲಿ ಬಿಡೋ ತಮ್ಮಾ. ಅದರ ಕಣ್ಣಿಗೆ ಈಗ ನೀನೂ ಚಂದ ಕಾಣಾಕತ್ತಿ!”

ಬಾಯವ್ವ ನಕ್ಕಳು. ಕಚಗುಳಿ ತಾಳದೆ ನಿಜಗುಣಪ್ಪನೂ ನಕ್ಕ. ಮರೆವ್ವ ನಕ್ಕ ಜೋರಿಗೆ ಮಾತ್ರ ಹಟ್ಟಿಯ ಕುರಿಗಳೆಲ್ಲ ಮೆಲುಕು ನಿಲ್ಲಿಸಿ ಅವಳತ್ತ ತಿರುಗಿದವು.